ಜೀಪಿನ ಹಿಂಭಾಗ ಎತ್ತಿ ಹಾಕುತ್ತಿದೆಯಾ? ಶಾಕ್ ಬದಲಿಸುವ ಮುಂಚೆ ಇಷ್ಟು ನೋಡಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಜೀಪ್ ಇಟ್ಟುಕೊಂಡವರ ದೂರು ಹೆಚ್ಚುಕಡಿಮೆ ಒಂದೇ. ಮುಂದೆ ಕೂತರೆ ಪರವಾಗಿಲ್ಲ, ಹಿಂದೆ ಕೂತರೆ ಸೊಂಟ ಉಳಿಯಲ್ಲ. ಅದಕ್ಕೆ ಸಿಗುವ ಉತ್ತರವೂ ಒಂದೇ: ಶಾಕ್ ಹೋಗಿದೆ, ಬದಲಿಸಿ. ಈ ಉತ್ತರ ಬಹಳ ಸಲ ತಪ್ಪು. ಶಾಕ್ ಅಬ್ಸಾರ್ಬರ್ ಆಯಿಲ್ ಸೋರಿ ಸತ್ತರೆ ಗಾಡಿ ಗಟ್ಟಿಯಾಗುವುದಿಲ್ಲ, ತೂಗಾಡುತ್ತದೆ. ಗಟ್ಟಿಯಾಗುವುದಕ್ಕೆ ಕಾರಣಗಳು ಬೇರೆ ಇವೆ. ಅವುಗಳಲ್ಲಿ ಅರ್ಧದಷ್ಟನ್ನು ಒಂದು ಟೇಪು, ಒಂದು ಚಾಕ್‌ಪೀಸು, ಒಂದು ಜಾಕಿ ಇದ್ದರೆ ಮನೆ ಅಂಗಳದಲ್ಲೇ ಹಿಡಿಯಬಹುದು.

ಮೊದಲು ನಿಮ್ಮ ಗಾಡಿಯ ಹಿಂದೆ ಏನಿದೆ ಅಂತ ಬಗ್ಗಿ ನೋಡಿ. ಹಳೆ ಮಹೀಂದ್ರಾ ಜೀಪುಗಳು, 2020ಕ್ಕೆ ಮುಂಚಿನ ಥಾರ್, ಬೊಲೆರೊ, ಜಿಪ್ಸಿ, ಇವುಗಳ ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಪ್ಲೇಟ್ ಸೆಟ್. 2020ರಲ್ಲಿ ಬಂದ ಥಾರ್, ಜಿಮ್ನಿ, ಈಗಿನ ಗೂರ್ಖಾ, ಇವುಗಳಲ್ಲಿ ಕಾಯಿಲ್ ಸ್ಪ್ರಿಂಗ್. ಎರಡರಲ್ಲೂ ಹಿಂದಿನ ಆಕ್ಸಲ್, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ಅಡ್ಡ ದಿಂಡು, ಒಂದೇ ತುಂಡು. ಪ್ಲೇಟ್ ಗಾಡಿಗಳಿಗೆ ಕಾಯಿಲೆ ಜಾಸ್ತಿ, ಹಾಗಾಗಿ ಇಲ್ಲಿ ಅವುಗಳ ಮಾತೇ ಜಾಸ್ತಿ.

ಈಗ ಮುಖ್ಯ ಪ್ರಶ್ನೆ. ಗಟ್ಟಿ ಅಂದರೆ ಯಾವಾಗ ಗಟ್ಟಿ? ಇದನ್ನು ಸರಿಯಾಗಿ ಗಮನಿಸದೆ ಗ್ಯಾರೇಜಿಗೆ ಹೋದರೆ ದುಡ್ಡು ಹೋಗುತ್ತದೆ, ಕುಕ್ಕುವುದು ಮಾತ್ರ ಹಾಗೇ ಇರುತ್ತದೆ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ರಸ್ತೆ ಆರಿಸಿಕೊಳ್ಳಿ. ತೋಟದ ಒಳಗಿನ ಕಲ್ಲು ದಾರಿಯಾದರೂ ಸರಿ, ಅತ್ತಿಗುಂಡಿಯಿಂದ ಝರಿ ಜಲಪಾತಕ್ಕೆ ಜೀಪುಗಳು ಇಳಿಯುವಂಥ ದಾರಿಯಾದರೂ ಸರಿ. ಅದೇ ದಾರಿ, ಅದೇ ವೇಗ, ಅದೇ ಜನ. ನೀವು ಹಿಂದೆ ಕೂರಿ, ಬೇರೆಯವರು ಓಡಿಸಲಿ. ಸ್ಟಿಯರಿಂಗ್ ಹಿಡಿದವರಿಗೆ ಹಿಂದಿನ ಕಷ್ಟ ಗೊತ್ತಾಗುವುದಿಲ್ಲ ಅಲ್ವಾ?

ಹೀಗೆ ಗಮನಿಸಿ. ಚಿಕ್ಕ ಚಿಕ್ಕ ಜಲ್ಲಿ, ಟಾರಿನ ತೇಪೆ, ಇಂಥದ್ದಕ್ಕೂ ನಡುಗಿಸುತ್ತಾ, ಆದರೆ ದೊಡ್ಡ ಗುಂಡಿಯಲ್ಲಿ ಪರವಾಗಿಲ್ಲವಾ? ಹಾಗಿದ್ದರೆ ಟೈರು, ಬುಷ್ (ಬೋಲ್ಟ್ ಸುತ್ತ ಕೂರುವ ರಬ್ಬರ್ ಬಳೆ) ಅಥವಾ ಪ್ಲೇಟುಗಳ ಮಧ್ಯದ ತುಕ್ಕು. ಚಿಕ್ಕದರಲ್ಲಿ ಸುಮ್ನೆ ಹೋಗುತ್ತದೆ, ದೊಡ್ಡ ಹಂಪಿನಲ್ಲಿ ಒಂದೇ ಸಲ ಧಡ್ ಅನ್ನುತ್ತದಾ? ಆಗ ಆಕ್ಸಲ್ ಮೇಲೆ ಹೋಗಿ ಬಂಪ್ ಸ್ಟಾಪರಿಗೆ, ಅಂದರೆ ಅದನ್ನು ತಡೆಯುವ ರಬ್ಬರ್ ತುಂಡಿಗೆ, ಹೊಡೆಯುತ್ತಿದೆ. ನಿಧಾನಕ್ಕೆ ಹೋದರೆ ಮೆತ್ತಗೆ, ಸ್ವಲ್ಪ ವೇಗ ಏರಿದ ಕೂಡಲೇ ಗಟ್ಟಿ ಅಂದರೆ ಶಾಕ್ ಮೇಲೆ ಅನುಮಾನ ಪಡಬಹುದು. ಖಾಲಿ ಇದ್ದಾಗ ಮಾತ್ರ ಎತ್ತಿ ಹಾಕುತ್ತದೆ, ಲೋಡ್ ಇದ್ದರೆ ಹಾಯಾಗಿ ಹೋಗುತ್ತದೆ ಅಂದರೆ ಸ್ಪ್ರಿಂಗೇ ಗಾಡಿಯ ತೂಕಕ್ಕಿಂತ ಗಟ್ಟಿ ಇದೆ.

ಈ ಕೊನೆಯದನ್ನು ಪರೀಕ್ಷೆ ಮಾಡುವುದು ಸುಲಭ. 50 ಕೆಜಿಯ ಗೊಬ್ಬರದ ಚೀಲ ನಾಲ್ಕು ಹಿಂದೆ ಹಾಕಿ, ಹಿಂದಿನ ಆಕ್ಸಲ್ಲಿನ ಮೇಲೆಯೇ ಬರುವ ಹಾಗೆ. 200 ಕೆಜಿ ಆಯಿತು. ಅದೇ ದಾರಿಯಲ್ಲಿ ಓಡಿಸಿ. ಚೆನ್ನಾಗಿ ಹೋದರೆ ಉತ್ತರ ಸಿಕ್ಕಿತು. ಲೋಡ್ ಹಾಕಿದ ಮೇಲೆ ಇನ್ನೂ ಜೋರಾಗಿ ಧಡ್ ಅಂದರೆ ಸ್ಪ್ರಿಂಗ್ ಗಟ್ಟಿ ಇಲ್ಲ, ಕುಸಿದಿದೆ. ಇದು ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಸುಸ್ತಾದ ಸ್ಪ್ರಿಂಗ್ ಕೂಡ ಗಟ್ಟಿ ಅನಿಸುತ್ತದೆ, ಯಾಕೆಂದರೆ ಗಾಡಿ ಆಗ ಸ್ಪ್ರಿಂಗ್ ಮೇಲಲ್ಲ, ರಬ್ಬರ್ ತುಂಡಿನ ಮೇಲೆ ಕೂತಿರುತ್ತದೆ.

ಗಾಡಿಯ ಕೆಳಗೆ ಇಳಿಯುವ ಮುಂಚೆ ಟೈರ್ ಮುಗಿಸಿಬಿಡಿ. ಬಂಕಿನಲ್ಲಿ ಗಾಳಿ ಹಾಕುವವರು ಕೇಳದೆಯೇ 35, 40 ಪಿಎಸ್‌ಐ ಹಾಕಿ ಕಳಿಸುವುದು ಹೊಸದೇನಲ್ಲ. ಎಷ್ಟಿರಬೇಕು ಅಂತ ಗಾಡಿಯ ಸ್ಟಿಕ್ಕರ್‌ನಲ್ಲಿ ಇರುತ್ತದೆ, ಸಾಮಾನ್ಯವಾಗಿ ಡ್ರೈವರ್ ಬಾಗಿಲ ಹತ್ತಿರ. ಖಾಲಿಗೆ ಒಂದು ಅಂಕಿ, ಪೂರ್ತಿ ಲೋಡಿಗೆ ಇನ್ನೊಂದು. ಬೆಳಗ್ಗೆ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿದ್ದಾಗ ನೋಡಿ. ನಾಲ್ಕು ಊರು ಸುತ್ತಿ ಬಂದು ನೋಡಿದರೆ ಅಂಕಿ ಜಾಸ್ತಿ ತೋರಿಸುತ್ತದೆ. ಇನ್ನೊಂದು, ಚೆಂದಕ್ಕೆ ಅಂತ ದಪ್ಪ ಗೋಡೆಯ ಮಡ್ ಟೈರ್ ಹಾಕಿಸಿದ್ದರೆ, ಅದರಲ್ಲೂ ಲಾರಿ ಮಟ್ಟದ ಭಾರ ಹೊರುವ ಟೈರ್ ಆದರೆ, ಅದು ಮಡಚಿಕೊಳ್ಳುವುದೇ ಕಡಿಮೆ. ಅದಕ್ಕೆ ಸಸ್ಪೆನ್ಷನ್‌ನಲ್ಲಿ ಔಷಧಿ ಇಲ್ಲ.

ಈಗ ಕೆಳಗೆ ಹೋಗೋಣ. ಮುಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಡಿ. ಹಿಂದಿನ ಚಕ್ರ ಎತ್ತಿದಾಗ ಹ್ಯಾಂಡ್ ಬ್ರೇಕ್ ನಂಬಬೇಡಿ, ಅದು ಹಿಡಿಯುವುದು ಹಿಂದಿನ ಚಕ್ರವನ್ನೇ. ತೋಟದ ಮಣ್ಣು ಮಳೆಗಾಲದಲ್ಲಿ ಮೆತ್ತಗಿರುತ್ತದೆ, ಜಾಕಿ ಅಡಿಗೆ ಒಂದು ದಪ್ಪ ಹಲಗೆ ಇಡಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ತೂರಬೇಡಿ, ಚಾಸಿಗೆ ಸ್ಟ್ಯಾಂಡ್ ಕೊಟ್ಟ ಮೇಲೆ ಮಾತ್ರ.

ಮೊದಲು ಬಂಪ್ ಸ್ಟಾಪರ್. ಚಾಸಿಗೆ ಅಂಟಿಕೊಂಡು ಆಕ್ಸಲ್ ಕಡೆ ಮುಖ ಮಾಡಿರುವ ರಬ್ಬರ್ ಅದು. ಗಾಡಿ ನೆಲದ ಮೇಲೆ ನಿಂತಿರುವಾಗ ಆ ರಬ್ಬರಿಗೂ ಕೆಳಗಿನ ಆಕ್ಸಲ್ಲಿಗೂ ಎಷ್ಟು ಜಾಗ ಇದೆ ಅಂತ ಎರಡೂ ಕಡೆ ಅಳೆಯಿರಿ. ನಾಲ್ಕು ಬೆರಳು ಹಿಡಿಸಬೇಕಾದ ಕಡೆ ಎರಡೇ ಹಿಡಿಸಿದರೆ ಸ್ಪ್ರಿಂಗ್ ಕುಸಿದಿದೆ. ಅನುಮಾನ ಇದ್ದರೆ ರಬ್ಬರಿನ ತುದಿಗೆ ಚಾಕ್‌ಪೀಸ್ ದಪ್ಪಗೆ ಬಳಿದು ಒಂದು ರೌಂಡ್ ಹೋಗಿ ಬನ್ನಿ. ಆಕ್ಸಲ್ ಮೇಲೆ ಬಿಳಿ ಮುದ್ರೆ ಬಿದ್ದಿದ್ದರೆ ಹೊಡೆಯುತ್ತಿದೆ. ಒಂದೇ ಕಡೆ ಬಿದ್ದಿದ್ದರೆ ಆ ಕಡೆಯ ಸ್ಪ್ರಿಂಗ್ ನೋಡಿ, ಪ್ಲೇಟ್ ಒಂದು ಮುರಿದಿರಬಹುದು. ಮುರಿದ ಪ್ಲೇಟ್ ಕೆಸರಿನ ಕೆಳಗೆ ಕಾಣುವುದಿಲ್ಲ, ತೊಳೆದು ನೋಡಿ.

ಆಮೇಲೆ ಪ್ಲೇಟುಗಳನ್ನು ಎಣಿಸಿ. ಎರಡೂ ಕಡೆ ಲೆಕ್ಕ ಒಂದೇನಾ? ಕಂಪನಿಯಿಂದ ಬಂದಷ್ಟೇ ಇದೆಯಾ? ಸೆಕೆಂಡ್ ಹ್ಯಾಂಡ್ ಜೀಪ್ ತಗೊಂಡವರು ಇದನ್ನು ಮರೆಯಲೇಬಾರದು. ನಮ್ಮ ಕಡೆಯ ಜೀಪು ಎಲ್ಲಾ ಒಂದಲ್ಲ ಒಂದು ಕಾಲದಲ್ಲಿ ತೋಟದಲ್ಲಿ ದುಡಿದಿರುತ್ತದೆ, ಕಾಫಿ ಚೀಲ ಹೊರಲಿ ಅಂತ ರೈಟರ್, ಅಂದರೆ ತೋಟದ ಕೆಲಸ ನೋಡಿಕೊಳ್ಳುವವರು, ಒಂದು ಹೆಚ್ಚಿನ ಪ್ಲೇಟ್ ಹಾಕಿಸಿರುತ್ತಾರೆ, ಅದಾದ ಮೇಲೆ ಗಾಡಿ ಮೂರು ಕೈ ಬದಲಾಗಿ ನಿಮ್ಮ ಹತ್ತಿರ ಬಂದಿರುತ್ತದೆ, ನೀವು ಅದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮುಳ್ಳಯ್ಯನಗಿರಿಗೆ ಹೊರಟಿರುತ್ತೀರಿ. ಕುಕ್ಕದೆ ಇನ್ನೇನು?

ಎಣಿಕೆಗಿಂತ ದಪ್ಪ ಮುಖ್ಯ. ಅದೇ ದಪ್ಪದ ಐದು ಪ್ಲೇಟ್ ಇದ್ದದ್ದು ಆರಾದರೆ ಸುಮಾರು 20% ಗಟ್ಟಿಯಾಗುತ್ತದೆ, ಅಷ್ಟೆ. ಆದರೆ ದಪ್ಪ ಬದಲಾದರೆ ಲೆಕ್ಕ ಘನದಲ್ಲಿ ಏರುತ್ತದೆ. 6 ಮಿಮೀ ಪ್ಲೇಟುಗಳ ಬದಲು 7 ಮಿಮೀ ಸೆಟ್ ಹಾಕಿದರೆ ಸುಮಾರು 60% ಗಟ್ಟಿ. 8 ಮಿಮೀ ಹಾಕಿದರೆ ಎರಡು ಪಟ್ಟಿಗಿಂತ ಜಾಸ್ತಿ. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ, ಸೊಂಟಕ್ಕೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ದಪ್ಪ ಅಳೆಯುವ ಕ್ಯಾಲಿಪರ್ ಇದ್ದರೆ ಒಂದೊಂದೇ ಪ್ಲೇಟ್ ಅಳೆಯಿರಿ. ಕಾಯಿಲ್ ಗಾಡಿಯವರಿಗೆ ಇದು ಇನ್ನೂ ಜೋರು: ತಂತಿ 12 ಮಿಮೀ ಇದ್ದದ್ದು 13 ಆದರೆ ಸುಮಾರು 38% ಗಟ್ಟಿ. ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿದ್ದರೆ ಅದರ ಸ್ಪ್ರಿಂಗ್ ಎಷ್ಟು ಹೆಚ್ಚಿನ ಭಾರಕ್ಕೆ ಮಾಡಿದ್ದು ಅಂತ ಕೇಳಿ. ವಿಂಚ್, ಸ್ಟೀಲ್ ಬಂಪರ್, ರೂಫ್ ಟೆಂಟ್ ಇರುವವರಿಗೆ ಮಾಡಿದ್ದನ್ನು ಖಾಲಿ ಗಾಡಿಗೆ ಹಾಕಿದರೆ ಕುಣಿಯುತ್ತದೆ. ಹಾಗೇ ಕಾಯಿಲ್ ಸುರುಳಿಗಳ ಮಧ್ಯೆ ಯಾರಾದರೂ ರಬ್ಬರ್ ಬಫರ್ ತುರುಕಿದ್ದಾರಾ ನೋಡಿ. ಆನ್‌ಲೈನ್‌ನಲ್ಲಿ ಮೆತ್ತಗಾಗುತ್ತದೆ ಅಂತ ಹೇಳಿ ಮಾರುತ್ತಾರೆ. ಅದು ಒಂದು ಸುರುಳಿಯ ಕೆಲಸ ನಿಲ್ಲಿಸಿ ಸ್ಪ್ರಿಂಗನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಕಿತ್ತು ಬಿಸಾಕಿ.

ಮಲೆನಾಡಿನ ಪ್ಲೇಟ್ ಗಾಡಿಗಳಲ್ಲಿ ನನಗೆ ಮೊದಲು ಅನುಮಾನ ಬರುವುದು ತುಕ್ಕಿನ ಮೇಲೆ. ತಿಂಗಳುಗಟ್ಟಲೆ ಮಳೆ, ಕೆಸರು, ಮತ್ತೆ ಬಿಸಿಲು. ಪ್ಲೇಟುಗಳ ಮಧ್ಯೆ ಮಣ್ಣು ಸೇರಿ ತುಕ್ಕು ಹಿಡಿದು ಅವು ಒಂದರ ಮೇಲೊಂದು ಜಾರುವುದನ್ನೇ ನಿಲ್ಲಿಸುತ್ತವೆ. ಆಗ ಐದು ತೆಳು ಪ್ಲೇಟು ಹೋಗಿ ಒಂದು ದಪ್ಪ ಕಬ್ಬಿಣದ ಹಲಗೆ ಆಗುತ್ತದೆ. ಚಿಕ್ಕ ಕಲ್ಲಿಗೆ ಸ್ಪ್ರಿಂಗ್ ಅಲುಗುವುದೇ ಇಲ್ಲ, ಏಟು ಸೀದಾ ಸೀಟಿಗೆ.

ಇದನ್ನು ಹಿಡಿಯುವುದು ಹೀಗೆ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹಿಂದಿನ ಚಕ್ರದ ನಡುವಿನಿಂದ ಮೇಲಿನ ಬಾಡಿ ಅಂಚಿನವರೆಗೆ ಟೇಪು ಹಿಡಿಯಿರಿ. ಇಬ್ಬರು ಹಿಂದಿನ ಬಂಪರ್ ಹಿಡಿದು ಆದಷ್ಟು ಮೇಲಕ್ಕೆತ್ತಿ, ನಿಧಾನಕ್ಕೆ ಬಿಡಿ, ದಡಕ್ಕನೆ ಅಲ್ಲ. ಅಳೆದು ಬರೆದುಕೊಳ್ಳಿ. ಈಗ ಅದೇ ಇಬ್ಬರು ಬಂಪರ್ ಮೇಲೆ ಹತ್ತಿ ಕೆಳಗೆ ಒತ್ತಿ, ನಿಧಾನಕ್ಕೆ ಇಳಿಯಿರಿ. ಮತ್ತೆ ಅಳೆಯಿರಿ. ಸ್ಪ್ರಿಂಗ್ ಆರೋಗ್ಯವಾಗಿದ್ದರೆ ಎರಡು ಅಳತೆ ಹತ್ತಿರ ಹತ್ತಿರ ಇರುತ್ತವೆ. ಪ್ಲೇಟ್ ಗಾಡಿಯಲ್ಲಿ ಸ್ವಲ್ಪ ವ್ಯತ್ಯಾಸ ಸಹಜ. ಆದರೆ ಒಂದು ಇಂಚು ವ್ಯತ್ಯಾಸ ಬಂದರೆ ಎಲ್ಲೋ ಹಿಡಿದುಕೊಂಡಿದೆ ಅಂತಲೇ ಲೆಕ್ಕ. ಪ್ಲೇಟಿನ ಮಧ್ಯವೋ, ಬುಷ್ಷೋ, ಶ್ಯಾಕಲ್ಲೋ, ಅದನ್ನು ಮುಂದೆ ನೋಡಬೇಕು.

ಶ್ಯಾಕಲ್ ಅಂದರೆ ಪ್ಲೇಟ್ ಸೆಟ್ಟಿನ ಒಂದು ತುದಿಯನ್ನು ಚಾಸಿಗೆ ಹಿಡಿದಿರುವ ಓಲಾಡುವ ಕೊಂಡಿ. ಪ್ಲೇಟ್ ನೇರ ಆದಷ್ಟೂ ಉದ್ದ ಆಗುತ್ತದೆ, ಆ ಉದ್ದಕ್ಕೆ ಜಾಗ ಕೊಡುವುದು ಇದು. ಗಾಡಿಯ ಭಾರ ಚಕ್ರದ ಮೇಲೆ ಇರುವಾಗ ಶ್ಯಾಕಲ್ಲಿನ ಕೆಳತುದಿ ಪ್ಲೇಟಿನ ನಡುವಿನಿಂದ ಹೊರಕ್ಕೆ ಸ್ವಲ್ಪ ಓರೆಯಾಗಿರಬೇಕು. ನೆಟ್ಟಗೆ ನಿಂತಿದ್ದರೆ, ಅಥವಾ ಒಳಕ್ಕೆ ತಿರುಗಿದ್ದರೆ, ಪ್ಲೇಟಿಗೆ ಕಮಾನು ಜಾಸ್ತಿ ಹೊಡೆಸಿದ್ದಾರೆ. ಎತ್ತರಕ್ಕೆ ಅಂತ ಮಾಡಿಸಿದ್ದು, ಗಟ್ಟಿತನ ಉಚಿತವಾಗಿ ಬಂದಿರುತ್ತದೆ. ಪೂರ್ತಿ ಮಲಗಿ ಚಾಸಿಗೆ ತಾಗುತ್ತಿದ್ದರೆ ಅದೂ ತಪ್ಪು, ಅಲ್ಲಿಗೆ ಪ್ಲೇಟ್ ನಿಂತುಹೋಗುತ್ತದೆ.

ಬುಷ್ ವಿಚಾರದಲ್ಲಿ ಒಂದು ಕೆಲಸಗಳ್ಳತನ ಎಲ್ಲಾ ಕಡೆ ನಡೆಯುತ್ತದೆ. ರಬ್ಬರ್ ಬುಷ್ ಹಾಕುವಾಗ ಗಾಡಿಯನ್ನು ಎತ್ತಿ, ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟ್ ಪೂರ್ತಿ ಬಿಗಿಮಾಡಿಬಿಡುತ್ತಾರೆ. ಗಾಡಿ ಇಳಿಸಿದ ಕೂಡಲೇ ಆ ರಬ್ಬರ್ ತಿರುಚಿಕೊಳ್ಳುತ್ತದೆ, ಅಲ್ಲಿಂದ ಅದೂ ಒಂದು ಸ್ಪ್ರಿಂಗಿನ ಹಾಗೆ ವಿರೋಧ ಕೊಡುತ್ತಾ ಇರುತ್ತದೆ, ಬೇಗ ಹರಿದೂ ಹೋಗುತ್ತದೆ. ಪರಿಹಾರ ಸುಲಭ. ಗಾಡಿ ನೆಲದ ಮೇಲೆ ನಿಂತಿರುವಾಗ ಬೋಲ್ಟ್ ಸ್ವಲ್ಪ ಸಡಿಲಿಸಿ, ಗಾಡಿಯನ್ನು ನಾಲ್ಕು ಸಲ ಮೇಲೆ ಕೆಳಗೆ ಕುಲುಕಿ, ಅದೇ ಸ್ಥಿತಿಯಲ್ಲಿ ಮತ್ತೆ ಬಿಗಿಮಾಡಿ. ಕಾಯಿಲ್ ಗಾಡಿಗಳ ಹಿಂದಿನ ಲಿಂಕ್ ಬುಷ್‌ಗಳಿಗೂ ಇದೇ ನಿಯಮ, ಲಿಫ್ಟ್ ಆದ ಮೇಲಂತೂ ಮಾಡಲೇಬೇಕು. ಹಳೆ ಜೀಪಿನಲ್ಲಿ ಗ್ರೀಸ್ ಹೊಡೆಯುವ ಪಿನ್ ಇದ್ದರೆ ನಿಪ್ಪಲ್ ಒರೆಸಿ ಗನ್ ಇಟ್ಟು ಹೊಡೆಯಿರಿ. ಹೊಸ ಗ್ರೀಸ್ ಅಂಚಿನಲ್ಲಿ ಹೊರಗೆ ಬರಬೇಕು. ಬರದಿದ್ದರೆ ದಾರಿ ಕಟ್ಟಿದೆ, ಪಿನ್ ಒಣಗಿ ಹಿಡಿದಿದೆ.

ಇಷ್ಟಾದ ಮೇಲೆ ಶಾಕ್. ಪ್ಲೇಟ್ ಗಾಡಿಯಲ್ಲಿ ಎರಡೂ ಶಾಕಿನ ಕೆಳಗಿನ ಬೋಲ್ಟ್ ಬಿಚ್ಚಿ, ಶಾಕನ್ನು ಎಲ್ಲೂ ತಾಗದ ಹಾಗೆ ಮೇಲೆ ಕಟ್ಟಿ, ತೋಟದ ಒಳಗೇ ನಡೆಯುವ ವೇಗದಲ್ಲಿ ಆ ಕಲ್ಲಿನ ಮೇಲೆ ಹೋಗಿ. ರಸ್ತೆಗೆ ಇಳಿಸಬೇಡಿ. ಬ್ರೇಕ್ ಹೋಸ್ ಎಳೆಯುತ್ತಿಲ್ಲ ಅಂತ ಮೊದಲೇ ನೋಡಿ. ಕುಕ್ಕುವುದು ಹಾಗೇ ಇದ್ದರೆ ಶಾಕ್ ನಿರಪರಾಧಿ. ಪಟ್ಟನೆ ಮೆತ್ತಗಾದರೆ ಶಾಕೇ ಕಾರಣ. ಕಾಯಿಲ್ ಗಾಡಿಯಲ್ಲಿ ಹೀಗೆ ಓಡಿಸಲೇಬೇಡಿ, ಆಕ್ಸಲ್ ಜಾಸ್ತಿ ಜೋತುಬಿದ್ದು ಸ್ಪ್ರಿಂಗ್ ಜಾಗ ಬಿಟ್ಟು ಬರಬಹುದು. ಅದರಲ್ಲಿ ಆಕ್ಸಲ್ಲಿಗೆ ಸ್ಟ್ಯಾಂಡ್ ಕೊಟ್ಟು, ಶಾಕ್ ಬಿಚ್ಚಿ ಕೈಯಲ್ಲೇ ಒತ್ತಿ ನೋಡಿ. ಒತ್ತುವುದಕ್ಕಿಂತ ಎಳೆಯುವುದು ಕಷ್ಟ ಆಗಬೇಕು, ಅದು ಸರಿ. ಒತ್ತುವಾಗ ಮಧ್ಯದಲ್ಲಿ ಎಲ್ಲಾದರೂ ಹಿಡಿದರೆ ಒಳಗಿನ ರಾಡ್ ಬಾಗಿದೆ. ಗ್ಯಾಸ್ ಶಾಕಿನ ರಾಡ್ ಒತ್ತಿ ಬಿಟ್ಟರೆ ತಾನೇ ಹೊರಗೆ ಬರುತ್ತದೆ, ಅದಕ್ಕೆ ಗಾಬರಿ ಬೇಡ.

ಉದ್ದವನ್ನೂ ನೋಡಿ. ಶಾಕ್ ಪೂರ್ತಿ ಒತ್ತಿದಾಗ ಇರುವ ಉದ್ದ, ಆಕ್ಸಲ್ ಬಂಪ್ ಸ್ಟಾಪರಿಗೆ ತಾಗಿದಾಗ ಎರಡು ಬೋಲ್ಟ್‌ಗಳ ನಡುವೆ ಉಳಿಯುವ ಜಾಗಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ರಬ್ಬರಿಗಿಂತ ಮುಂಚೆ ಶಾಕೇ ಪೂರ್ತಿ ಒತ್ತಿಹೋಗಿ ತಳ ಮುಟ್ಟುತ್ತದೆ, ಅದು ಕಬ್ಬಿಣಕ್ಕೆ ಕಬ್ಬಿಣ. ಶಾಕ್ ಗಿಡ್ಡ ಆದರೆ ಇದಕ್ಕೆ ಉಲ್ಟಾ, ಚಕ್ರ ಗುಂಡಿಗೆ ಇಳಿಯುವಾಗ ಠಕ್ ಅನ್ನುತ್ತದೆ.

ಕಾರಣ ಸಿಕ್ಕಿತು ಅನ್ನಿ. ತುಕ್ಕಾದರೆ ಪ್ಲೇಟ್ ಸೆಟ್ ಇಳಿಸಿ, ಬಿಚ್ಚಿ, ಉಜ್ಜಿ, ಮಧ್ಯೆ ಗ್ರಾಫೈಟ್ ಗ್ರೀಸ್ ಹಚ್ಚಿ ಜೋಡಿಸುವುದೇ ಸರಿಯಾದ ಕೆಲಸ. ಪ್ಲೇಟುಗಳನ್ನು ನಡುವೆ ಹಿಡಿದಿರುವ ಸೆಂಟರ್ ಬೋಲ್ಟ್ ಬಿಚ್ಚುವಾಗ ಪ್ಲೇಟ್ ಚಿಮ್ಮುತ್ತದೆ, ವೈಸ್ ಅಥವಾ ಕ್ಲ್ಯಾಂಪ್ ಇಲ್ಲದೆ ಕೈ ಹಾಕಬೇಡಿ, ಗ್ಯಾರೇಜಿಗೆ ಬಿಡಿ. ಮಳೆಗಾಲಕ್ಕೆ ಮುಂಚೆ ಗಾಡಿಯಡಿಗೆ ಸುಟ್ಟ ಆಯಿಲ್ ಹೊಡೆಸುವ ಅಭ್ಯಾಸ ನಮ್ಮಲ್ಲಿದೆ. ತುಕ್ಕಿಗೆ ಒಳ್ಳೆಯದಿರಬಹುದು, ಆದರೆ ರಬ್ಬರ್ ಬುಷ್ ಉಬ್ಬಿ ಹಾಳಾಗುತ್ತದೆ, ಆಯಿಲ್ ಮೇಲೆ ಧೂಳು ಕೂತು ಪ್ಲೇಟ್ ಮಧ್ಯೆ ಸೇರುತ್ತದೆ. ಹೊಡೆಸಲೇಬೇಕಾದರೆ ಬುಷ್ ಮುಚ್ಚಿ ಹೊಡೆಸಿ.

ಪ್ಲೇಟ್ ಜಾಸ್ತಿ ಇದ್ದು ತೆಗೆಸುವವರು ಒಂದು ವಿಷಯ ಯೋಚಿಸಿ. ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಆ ಗಾಡಿ ಆಗ ಚೀಲ ಹೊರುತ್ತದಾ? ಹೊರುವುದಾದರೆ ಒಂದೇ ಪ್ಲೇಟ್ ತೆಗೆದು ನೋಡಿ, ಎರಡೂ ಕಡೆ ಅದೇ ನಂಬರಿನದ್ದು. ತೆಗೆದ ಮೇಲೆ ಬಂಪ್ ಸ್ಟಾಪರ್ ಜಾಗ ಲೋಡ್ ಸಮೇತ ಅಳೆಯಿರಿ. ಮೊದಲ ಪ್ಲೇಟ್, ಅಂದರೆ ಎರಡೂ ತುದಿ ಸುರುಳಿ ಇರುವುದು, ಮತ್ತು ಅದರ ಕೆಳಗಿನದ್ದು, ಇವೆರಡನ್ನು ಮುಟ್ಟಬೇಡಿ. ತೆಗೆದ ಪ್ಲೇಟನ್ನು ಗುಜರಿಗೆ ಹಾಕದೆ ಶೆಡ್ಡಿನಲ್ಲಿ ಇಟ್ಟುಕೊಳ್ಳಿ.

ಪ್ಲೇಟ್ ಸೆಟ್ ಬಿಚ್ಚಿ ಹಾಕಿದ ಮೇಲೆ, ಅದನ್ನು ಆಕ್ಸಲ್ಲಿಗೆ ಕಟ್ಟುವ ಯು ಬೋಲ್ಟ್ ಹೊಸದು ಹಾಕಿಸಿದರೆ ಉತ್ತಮ. ಒಂದು ವಾರ ಓಡಿಸಿ, ಗಾಡಿ ನೆಲದ ಮೇಲೆ ಇರುವಾಗಲೇ ಆ ನಾಲ್ಕೂ ಯು ಬೋಲ್ಟುಗಳ ನಟ್ ಮತ್ತೆ ಬಿಗಿಮಾಡಿ. ಹೊಸ ಬೋಲ್ಟ್ ಸ್ವಲ್ಪ ಸಡಿಲ ಆಗೇ ಆಗುತ್ತದೆ, ಹಾಗೇ ಬಿಟ್ಟರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜಾಗ ಬದಲಿಸುತ್ತದೆ. ಅದು ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಆಗುವುದು ಬೇಡ.