ಓಷನ್ ರೇಸ್ ದೋಣಿಯಲ್ಲಿ ಕ್ಯಾಮೆರಾ ಹಿಡಿಯುವ ಕೆಲಸ

1973ರಲ್ಲಿ ವಿಟ್‌ಬ್ರೆಡ್ ಹೆಸರಲ್ಲಿ ಶುರುವಾಗಿ, ವೋಲ್ವೊ ಆಗಿ, ಈಗ ದಿ ಓಷನ್ ರೇಸ್ ಎನ್ನಿಸಿಕೊಂಡಿರುವ, ಹಾಯಿದೋಣಿಗಳಲ್ಲಿ ಭೂಮಿ ಸುತ್ತುವ ಸ್ಪರ್ಧೆಯಲ್ಲಿ ವಿಡಿಯೊ ಮಾಡುವವರು ಹಾಯಿ ಮುಟ್ಟುವಂತಿಲ್ಲ, ಹಗ್ಗ ಬಿಗಿಯುವ ವಿಂಚ್ ತಿರುಗಿಸುವಂತಿಲ್ಲ. ಅಡುಗೆ ಮಾಡಬಹುದು, ಒಳಗೆ ನಿಂತ ನೀರು ಬಳಿದು ಚೆಲ್ಲಬಹುದು. ದೋಣಿಗೊಬ್ಬ ಮಾಧ್ಯಮದ ಆಳು ಎಂಬ ಏರ್ಪಾಡು ಬಂದದ್ದು 2008–09ರಲ್ಲಿ. ರೇಸ್ ಕೊಚ್ಚಿಗೆ ಬಂದದ್ದೂ ಅದೇ ಸಲ.

ದಿನದ ಅರ್ಧ ಕೆಲಸ ಒರೆಸುವುದು. ಲೆನ್ಸ್ ಮೇಲೆ ಬಿದ್ದ ಸಮುದ್ರದ ನೀರು ಒಣಗಿದರೆ ಉಪ್ಪಿನ ಹರಳು ಉಳಿಯುತ್ತದೆ. ಒಣಬಟ್ಟೆಯಲ್ಲಿ ಉಜ್ಜಿದರೆ ಆ ಹರಳೇ ಮರಳುಕಾಗದ. ಮೊದಲು ಸಿಹಿನೀರು ಸಿಂಪಡಿಸಿ, ಇಳಿಯಲು ಬಿಟ್ಟು, ಆಮೇಲೆ ಮೈಕ್ರೊಫೈಬರ್ ಬಟ್ಟೆ ಒತ್ತಬೇಕು, ತಿಕ್ಕಬಾರದು. ಸಿಹಿನೀರೂ ದೋಣಿಯ ಯಂತ್ರ ಉಪ್ಪು ತೆಗೆದು ಕೊಡುವುದೇ, ಆದ್ದರಿಂದ ನನ್ನದು ಚಿಕ್ಕ ಸ್ಪ್ರೇ ಬಾಟಲಿ. ಬಟ್ಟೆಯನ್ನು ಜಿಪ್‌ಲಾಕ್ ಚೀಲದಲ್ಲಿಟ್ಟು ಜಾಕೆಟ್ಟಿನ ಒಳಜೇಬಿಗೆ ಹಾಕುತ್ತೇನೆ; ಹೊರಜೇಬಿನಲ್ಲಿಟ್ಟರೆ ಹತ್ತು ನಿಮಿಷಕ್ಕೆ ಅದೂ ಉಪ್ಪು. ಆಕ್ಷನ್ ಕ್ಯಾಮೆರಾದ ಗಾಜನ್ನು ನೆಕ್ಕುವುದು ನೋಡಲು ಅಸಹ್ಯ, ಆದರೆ ಎಂಜಲು ಸವರಿದ ಗಾಜಿನ ಮೇಲೆ ನೀರು ಹನಿಗಟ್ಟದೆ ಪದರವಾಗಿ ಹರಿಯುತ್ತದೆ. ಕೇಸ್ ಮುಚ್ಚುವ ಮುಂಚೆ ರಬ್ಬರ್ ಓ-ರಿಂಗ್ ಮೇಲೆ ಬೆರಳಾಡಿಸಿ. ಒಂದು ಕೂದಲು ಸಿಕ್ಕಿಕೊಂಡಿದ್ದರೂ ನೀರು ಒಳಗೆ.

ಕ್ಯಾಮೆರಾದ ದಿಗಂತ ನೇರ ಮಾಡುವ ಆಯ್ಕೆ ಬಗ್ಗೆ ಎಚ್ಚರ. ಅದಿಲ್ಲದೆ ದೋಣಿಗೆ ಬಿಗಿದ ಕ್ಯಾಮೆರಾದಲ್ಲಿ ದೋಣಿ ಚಪ್ಪಟೆಯಾಗಿ ಕಂಡು ಸಮುದ್ರ ವಾಲುತ್ತದೆ. ಕೈಯಲ್ಲಿ ದಿಗಂತ ನೇರ ಹಿಡಿದರೆ ದೋಣಿಯ 25 ಡಿಗ್ರಿ ವಾಲು ಕಾಣುತ್ತದೆ. ಎರಡೂ ಬೇಕು, ಒಂದೇ ಶಾಟಿನಲ್ಲಿ ಬೆರೆಸಬಾರದು. ಅಲೆ ದೊಡ್ಡದಾಗಿ ಕಾಣಬೇಕೆಂದರೆ ವೈಡ್ ಲೆನ್ಸ್ ಬಿಡಿ. ಅದು ಎಂಟು ಮೀಟರ್ ಅಲೆಯನ್ನೂ ಕೆರೆಯ ತೆರೆ ಮಾಡುತ್ತದೆ. 70 ಮಿಮೀ ಆಸುಪಾಸಿನ ಲೆನ್ಸ್ ಹಾಕಿ, ಡೆಕ್ ಮೇಲೆ ಕುಳಿತು, ಚುಕ್ಕಾಣಿ ಹಿಡಿದವರ ಹೆಗಲ ಹಿಂದೆ ಅಲೆ ಏಳುವವರೆಗೆ ಕಾಯಬೇಕು.

ಒಳಗೆ ಬೇರೆ ಕಥೆ. ಕಾರ್ಬನ್ ಒಡಲು ಡೋಲಿನಂತೆ, ಪ್ರತಿ ಅಲೆಗೂ ಬಡಿದುಕೊಳ್ಳುತ್ತದೆ. ಸಂದರ್ಶನಕ್ಕೆ ಕಾಲರ್ ಮೈಕನ್ನು ಜಾಕೆಟ್ಟಿಗಲ್ಲ, ಒಳಗಿನ ಉಣ್ಣೆಯ ಬಟ್ಟೆಗೆ ಸಿಕ್ಕಿಸಿ. ಜಾಕೆಟ್ಟಿನ ಸರಪರ ಮಾತನ್ನೇ ನುಂಗುತ್ತದೆ. ಪಾಳಿ ಬದಲಾದ ಕೂಡಲೇ ಕೇಳಿ, ನಿದ್ದೆ ಹತ್ತಿದ ಮೇಲೆ ಯಾರೂ ಕ್ಷಮಿಸುವುದಿಲ್ಲ. ರಾತ್ರಿ ಕೆಂಪು ದೀಪ ಮಾತ್ರ.

ಡ್ರೋನ್ ಹಾರಿಸುವುದು ಎಲ್ಲಕ್ಕಿಂತ ನಾಜೂಕು. ಡ್ರೋನ್‌ಗೆ ಹೊರಟ ಜಾಗವೇ ಮನೆ. 20 ನಾಟ್‌ನಲ್ಲಿ ಓಡುವ ದೋಣಿ ಒಂದು ನಿಮಿಷಕ್ಕೆ 600 ಮೀಟರ್ ದಾಟಿರುತ್ತದೆ. ಸಿಗ್ನಲ್ ತಪ್ಪಿತೋ, ಅದು ಹಿಂದಿರುಗಿ ಬರೀ ನೀರಿನ ಮೇಲೆ ಇಳಿಯುತ್ತದೆ. ಹಾಗಾಗಿ 'ಮನೆಗೆ ಮರಳು' ತೆಗೆದು 'ನಿಂತಲ್ಲೇ ನಿಲ್ಲು' ಹಾಕಿಡುತ್ತೇನೆ. ಕಂಪಾಸನ್ನು ದಡದಲ್ಲೇ ಸರಿಮಾಡಿಕೊಳ್ಳಬೇಕು; ದೋಣಿಯ ಎಂಜಿನ್, ಕಬ್ಬಿಣ ಅದನ್ನು ಕೆಡಿಸುತ್ತವೆ. ಹಾರಿಸುವಾಗ ಡ್ರೋನನ್ನು ತಲೆಯ ಮೇಲೆತ್ತಿ ಹಿಡಿದು, ಅದು ಕೈಯನ್ನು ಮೇಲಕ್ಕೆಳೆದಾಗ ಬಿಡಿ. ದೋಣಿ ಗಾಳಿಗೆ ಎದುರು ಸಾಗುವಾಗ ಡ್ರೋನ್ ಹಿಂದೆ ಬೀಳದಿರಲಿ: ಬರುವಾಗ ಗಾಳಿಯ ಜೊತೆಗೆ ದೋಣಿಯ ವೇಗವನ್ನೂ ಗೆಲ್ಲಬೇಕಾಗುತ್ತದೆ. ಬ್ಯಾಟರಿ 40 ಶೇಕಡಾ ಇರುವಾಗಲೇ ವಾಪಸ್ ಕರೆಯಿರಿ, ಅದನ್ನು ಕೈಯಲ್ಲಿ ಹಿಡಿಯುವ ಮೊದಲ ಯತ್ನ ತಪ್ಪುವುದು ಸಾಮಾನ್ಯ. ಹಿಡಿಯುವಾಗ ಅಡೆತಡೆ ಗ್ರಹಿಸುವ ಸೆನ್ಸರ್ ಆಫ್ ಮಾಡಿ, ಇಲ್ಲದಿದ್ದರೆ ನಿಮ್ಮ ಕೈ ಕಂಡು ದೂರ ಸರಿಯುತ್ತದೆ. ನಿಲ್ಲುವುದು ದೋಣಿಯ ಹಿಂಬದಿಯ ಮೂಲೆಯಲ್ಲಿ, ಹಗ್ಗಗಳಿಂದ ದೂರ; ಕೈಗೆ ದಪ್ಪ ಗವಸು.

ಕಳಿಸುವುದು ಉಪಗ್ರಹದ ಮೂಲಕ. ಫ್ಲೀಟ್‌ಬ್ರಾಡ್‌ಬ್ಯಾಂಡ್ 250 ಎಂಬ ಹಡಗಿನ ಉಪಗ್ರಹ ಇಂಟರ್ನೆಟ್ ಸಾಧನದ ಗರಿಷ್ಠ ವೇಗ 284 ಕೆಬಿಪಿಎಸ್, ಅಂದರೆ 20 ಎಂಬಿ ಫೈಲಿಗೆ ಲೆಕ್ಕದಲ್ಲೇ ಸುಮಾರು ಹತ್ತು ನಿಮಿಷ. ದಕ್ಷಿಣಕ್ಕೆ ಇಳಿದಷ್ಟೂ ಉಪಗ್ರಹ ದಿಗಂತಕ್ಕೆ ಜಾರುತ್ತದೆ, ಹಾಯಿ ಅಡ್ಡ ಬಂದರೆ ಸಂಪರ್ಕ ಕಡಿಯುತ್ತದೆ. ವಿಡಿಯೊವನ್ನು ಮೂವತ್ತು ಸೆಕೆಂಡಿನ ತುಂಡುಗಳಾಗಿ ಕಳಿಸಿದರೆ ಕಡಿದಾಗ ಕಳೆದುಕೊಳ್ಳುವುದು ಒಂದೇ ತುಂಡು. ಮೂಲ ಫೈಲುಗಳು ಎರಡು ಎಸ್‌ಎಸ್‌ಡಿಗಳಲ್ಲಿ, ಬೇರೆ ಬೇರೆ ಡಬ್ಬಿಗಳಲ್ಲಿ ಇರಲಿ. ತಿರುಗುವ ಹಾರ್ಡ್‌ಡಿಸ್ಕ್ ಈ ಬಡಿತಕ್ಕೆ ಒಂದು ವಾರವೂ ಬಾಳುವ ಭರವಸೆಯಿಲ್ಲ.