ಮಲ್ಟಿಮೀಟರ್ ಹಿಡಿದು ವಾಕ್‌ಮನ್ ಕೇಳಲು ಹೋದೆ

ಎಪ್ಪತ್ತು ಸಾವಿರದ ಮ್ಯೂಸಿಕ್ ಪ್ಲೇಯರ್ ಕೇಳಿ ನೋಡಲು ಬಂದವನು ಬ್ಯಾಗಿನಿಂದ ವೋಲ್ಟ್ ಅಳೆಯುವ ಮಲ್ಟಿಮೀಟರ್ ತೆಗೆದರೆ ಅಂಗಡಿಯ ಹುಡುಗ ಹೇಗೆ ನೋಡುತ್ತಾನೆ ಅಂತ ನನಗೆ ಈಗ ಗೊತ್ತು. ಅದು ಎರಡನೇ ಸಲದ ಕಥೆ. ಮೊದಲ ಸಲ ಕೈಬೀಸಿಕೊಂಡು ಹೋಗಿದ್ದೆ. ಅದಕ್ಕೇ ಏಮಾರಿದೆ.

ನನ್ನ ಕಣ್ಣಿದ್ದದ್ದು ಸೋನಿಯ ಝಡ್‌ಎಕ್ಸ್707 ವಾಕ್‌ಮನ್ ಮೇಲೆ. 2023ರಲ್ಲಿ ನಮ್ಮಲ್ಲಿ ಬಿಡುಗಡೆಯಾದಾಗ ಬೆಲೆ 69,990 ರೂಪಾಯಿ. ತೂಕ 227 ಗ್ರಾಂ, ಐದಿಂಚಿನ ಪರದೆ, ಪಕ್ಕದಲ್ಲಿ ನಿಜವಾದ ಗುಂಡಿಗಳು. ಜೇಬಿನೊಳಗೇ ಕೈ ಹಾಕಿ ಮುಂದಿನ ಹಾಡಿಗೆ ಹೋಗಬಹುದು. ಮೇಲೆ ಎರಡು ತೂತು: ಎಲ್ಲರಿಗೂ ಗೊತ್ತಿರುವ 3.5 ಮಿಲಿಮೀಟರಿನದು ಒಂದು, ಎರಡೂ ಕಿವಿಗೆ ಪೂರ್ತಿ ಬೇರೆ ಬೇರೆ ವೈರು ಹೋಗುವ, ಬ್ಯಾಲೆನ್ಸ್ಡ್ ಅನ್ನುವ 4.4ರದು ಇನ್ನೊಂದು.

ಮನೆಯಿಂದ ನನ್ನ ಹಳೇ ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್ ಒಯ್ದಿದ್ದೆ. ಮೊದಲು 3.5ಕ್ಕೆ ಸಿಕ್ಕಿಸಿ ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡಿಂಗ್ ಹಾಕಿದೆ. ಚೆನ್ನಾಗಿತ್ತು, ಅಷ್ಟೇ. ಹುಡುಗ ಒಳಗಿಂದ 4.4ರ ಕೇಬಲ್ ತಂದ. "ಸರ್, ಈಗ ಕೇಳಿ." ಮನ್ಸೂರರು ಎರಡು ಹೆಜ್ಜೆ ಮುಂದೆ ಬಂದು ಕೂತ ಹಾಗಾಯಿತು. ಕಾರ್ಡ್ ಕೊಡೋಕೆ ಪರ್ಸಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಮನೆಯಿಂದ ಫೋನ್ ಬಂತು. ಉಳಿದುಕೊಂಡೆ.

ಮೆಟ್ರೋದಲ್ಲಿ ವಾಪಸ್ ಬರುವಾಗ ಸುಮ್ನೆ ಅದರ ವಿವರ ಓದುತ್ತಾ ಕೂತೆ. 16 ಓಮ್‌ನ (ಓಮ್ ಅಂದರೆ ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆಯ ಅಳತೆ) ಹೆಡ್‌ಫೋನಿಗೆ ಕೊಡುವ ಶಕ್ತಿ 3.5ರಲ್ಲಿ 50 ಮಿಲಿವ್ಯಾಟ್, 4.4ರಲ್ಲಿ 230. ಲೆಕ್ಕ ಹಾಕಿದರೆ ವೋಲ್ಟೇಜ್ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಆರು ಡೆಸಿಬಲ್‌ಗೂ ಮಿಕ್ಕಿ ಜೋರು. ನಾನು ಕೇಬಲ್ ಬದಲಾಯಿಸಿದಾಗ ವಾಲ್ಯೂಮ್ ಮುಟ್ಟಿರಲೇ ಇಲ್ಲ! ಸ್ವಲ್ಪ ಜೋರಾಗಿದ್ದರೆ ನಮ್ಮ ಕಿವಿಗೆ ಅದು ಜೋರು ಅನ್ನಿಸುವುದಿಲ್ಲ, ಚೆನ್ನಾಗಿದೆ ಅನ್ನಿಸುತ್ತೆ. ಮನ್ಸೂರರನ್ನು ಮುಂದೆ ಕರೆದಿದ್ದು ಆ ಆರು ಡೆಸಿಬಲ್ಲೇ ಇರಬೇಕು ಅಂತ ಅನುಮಾನ ಬಂತು.

ಅದಕ್ಕೇ ಮೀಟರ್: ಎಲ್ಲದರ ವೋಲ್ಟೇಜ್ ಒಂದೇ ಮಾಡಿಕೊಂಡು ಕೇಳೋಣ ಅಂತ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಿಂದೊಮ್ಮೆ ತಂದಿದ್ದ ನನ್ನ ಅಗ್ಗದ ಹಳದಿ ಮೀಟರ್ ಕೆಲಸಕ್ಕೆ ಬರಲಿಲ್ಲ. ಎಸಿಯಲ್ಲಿ ಅದರ ಅತಿ ಸಣ್ಣ ಅಳತೆಯೇ 200 ವೋಲ್ಟ್, ನನಗೆ ಬೇಕಿದ್ದದ್ದು ಅರ್ಧ ವೋಲ್ಟಿನ ಲೆಕ್ಕ. ಕೊನೆಗೆ ಭಾವನ ಹತ್ತಿರ ಒಳ್ಳೆಯದೊಂದು ಇಸ್ಕೊಂಡೆ. ಅವರು ವೈರಿಂಗ್ ಕೆಲಸ ಮಾಡುತ್ತಾರೆ. "ಹಾಡು ಕೇಳೋಕೆ ಮೀಟರ್ ಯಾಕಯ್ಯಾ?" ಅಂತ ಕೇಳಿಯೇ ಕೊಟ್ಟರು.

ಅಳೆಯುವುದು ಸುಲಭ. ಕಂಪ್ಯೂಟರಿನ ಆಡಾಸಿಟಿ ಅನ್ನುವ ಆಡಿಯೋ ಸಾಫ್ಟ್‌ವೇರಿನಲ್ಲಿ 50 ಹರ್ಟ್ಸ್‌ನ ಒಂದು ನಿಮಿಷದ ಟೋನ್ ಮಾಡಿ ಮೆಮೊರಿ ಕಾರ್ಡಿಗೆ ಹಾಕಿಕೊಂಡೆ. ಮೀಟರುಗಳು ಮನೆಯ 50 ಹರ್ಟ್ಸ್ ಕರೆಂಟಿಗಾಗಿ ಮಾಡಿದವು, ಹಾಗಾಗಿ 50ರಲ್ಲಿ ಸರಿಯಾಗಿ ಓದುತ್ತವೆ. ಎಚ್‌ಡಿ 600ರ ವೈರು ಎರಡೂ ಕಿವಿಯ ಹತ್ತಿರ ಬಿಚ್ಚಿ ಬರುತ್ತದೆ. ತುದಿಯಲ್ಲಿ ಎರಡು ಪಿನ್, ಒಂದು ದಪ್ಪ, ಒಂದು ಸಣ್ಣ. ಟೋನ್ ಹಾಕಿ ಒಂದೊಂದಕ್ಕೆ ಮೀಟರಿನ ಒಂದೊಂದು ಮೊನೆ ಇಟ್ಟರೆ ಓದು ಸಿಗುತ್ತದೆ. ಮೊನೆಗಳು ಒಂದಕ್ಕೊಂದು ತಾಗಬಾರದು, ಬೇರೆಯವರ ಪ್ಲೇಯರ್ ಅದು. ಹುಡುಗ ಪಕ್ಕದಲ್ಲೇ ಉಸಿರು ಹಿಡಿದು ನಿಂತಿದ್ದ. ನನ್ನ ಕೈಯೂ ನಡುಗುತ್ತಿತ್ತು ಅನ್ನಿ.

3.5, 4.4, ಜೊತೆಗೆ ಹೆಡ್‌ಫೋನ್ ಜೋಡಿಸಲು ಫೋನಿಗೆ ನಾನು ದಿನಾ ಸಿಕ್ಕಿಸುವ ಸಾವಿರ ರೂಪಾಯಿ ಒಳಗಿನ ಪುಟ್ಟ ಡಾಂಗಲ್. ಮೂರನ್ನೂ 0.4 ವೋಲ್ಟಿಗೆ ತಂದೆ. ಹುಡುಗ ಹಿಂದೆ ನಿಂತು ಬದಲಾಯಿಸಿದ, ನಾನು ಕಣ್ಣು ಮುಚ್ಚಿ ಹೇಳಿದೆ. ಎಚ್‌ಡಿ 600ರಲ್ಲಿ ವಾಕ್‌ಮನ್ ಯಾವುದು, ಡಾಂಗಲ್ ಯಾವುದು ಅಂತ ಹತ್ತು ಸಲದಲ್ಲಿ ಆರು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಐದು ಬರುತ್ತಿತ್ತು, ಅಲ್ವಾ?

ಹೆಡ್‌ಫೋನ್ ಬದಲಾಯಿಸಿದಾಗ ಮಾತ್ರ ಆಟವೇ ಬೇರೆ. ಅಲ್ಲಿ ಹೈಫೈಮ್ಯಾನ್ ಸುಂದರಾ ಇತ್ತು. ಹೆಸರು ಕೇಳಿ ನಮ್ಮವರದ್ದೇ ಅನ್ನಿಸಿದರೂ ಅದು ಚೀನಾದ ಕಂಪನಿಯದು. ಒಳಗೆ ಪ್ಲೇನಾರ್ ಮ್ಯಾಗ್ನೆಟಿಕ್, ಅಂದರೆ ಅಯಸ್ಕಾಂತಗಳ ಪಕ್ಕ ತೆಳ್ಳನೆಯ ಚಪ್ಪಟೆ ಹಾಳೆ ಅದುರಿ ಸದ್ದು ಮಾಡುವ ಬಗೆ. 37 ಓಮ್. ಒಂದು ಕಛೇರಿಯ ತನಿ ಆವರ್ತನ, ಅಂದರೆ ತಾಳವಾದ್ಯದವರಷ್ಟೇ ನುಡಿಸುವ ಭಾಗ ಹಾಕಿದೆ. ಮೃದಂಗದ ಎಡಗಡೆಯ ತೊಪ್ಪಿಯ ಏಟು ಎಚ್‌ಡಿ 600ರಲ್ಲಿ ಕೇಳುತ್ತಿತ್ತು, ಆದರೆ ಕೆಳಗಿನ ಗುಮ್ಮು ಬೇಗ ಕರಗುತ್ತಿತ್ತು. ಇದರಲ್ಲಿ ಏಟಿನ ನಂತರ ಚರ್ಮ ಅದುರಿ ನಿಲ್ಲುವ ತನಕ ಕೇಳಿಸಿತು. ಇದಕ್ಕೆ ಕಣ್ಣು ಮುಚ್ಚುವ ಪರೀಕ್ಷೆಯೇ ಬೇಕಿಲ್ಲ. ಕಂಠಕ್ಕೆ ಮಾತ್ರ ನನ್ನ ಓಟು ಈಗಲೂ ಎಚ್‌ಡಿ 600ಕ್ಕೇ.

ಕಿವಿಯೊಳಗೆ ಹಾಕುವ ಕ್ಯಾಂಪ್‌ಫೈರ್ ಆಂಡ್ರೊಮಿಡಾವನ್ನೂ ಕೇಳಿದೆ. ಮೊದಲು ಅಲ್ಲೇ ಇದ್ದ ಬೇರೊಂದು ಪ್ಲೇಯರಿನಲ್ಲಿ, ಹೆಸರು ಬೇಡ. ಹಿಂದೆ ಸಣ್ಣಗೆ 'ಸ್ಸ್' ಸದ್ದು. ಹಳೆಯ ಟೇಪಿನದೇ ಇರಬೇಕು ಅಂದುಕೊಂಡೆ. ತಂಬೂರಿಯ ಝೇಂಕಾರದ ಜೊತೆ ಬೆರೆತುಹೋಗಿತ್ತು. ಹಾಡು ನಿಲ್ಲಿಸಿದೆ. ತಂಬೂರಿ ನಿಂತಿತು, 'ಸ್ಸ್' ನಿಲ್ಲಲಿಲ್ಲ. ಆಂಡ್ರೊಮಿಡಾ 13 ಓಮ್ ಕೂಡ ಇಲ್ಲ, ಜೊತೆಗೆ ತುಂಬಾ ಸೂಕ್ಷ್ಮ. ಪ್ಲೇಯರಿನ ಒಳಗಿನ ಗೊಣಗಾಟವೂ ಅದಕ್ಕೆ ಕೇಳಿಸುತ್ತದೆ. ಸಾಲದ್ದಕ್ಕೆ, ಪ್ಲೇಯರಿನ ಔಟ್‌ಪುಟ್ ಇಂಪಿಡೆನ್ಸ್ (ಅದರ ಒಳಗಿನದೇ ತಡೆ) ಜಾಸ್ತಿಯಿದ್ದರೆ ಇಂಥ ಇಯರ್‌ಫೋನಿನ ನಾದವೇ ಬದಲಾಗುತ್ತದೆ. ಸ್ವರದಿಂದ ಸ್ವರಕ್ಕೆ ಅದರ ಓಮ್ ಏರಿಳಿಯುವುದೇ ಕಾರಣ. ಇಂಥದ್ದನ್ನು ಇಟ್ಟುಕೊಂಡಿರುವವರು ಪ್ಲೇಯರ್ ಕೇಳುವಾಗ ಮೊದಲು ಒತ್ತಬೇಕಾದ್ದು ಹಾಡು ನಿಲ್ಲಿಸುವ ಪಾಜ್ ಗುಂಡಿ.

ವಾಕ್‌ಮನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಧ್ಯದಲ್ಲಿ ಫೋನ್ ಬರುವುದಿಲ್ಲ, ಬ್ಯಾಟರಿ ತುಂಬಾ ಹೊತ್ತು ಬರುತ್ತದೆ, ಆ ಗುಂಡಿಗಳ ಮೇಲೆ ನನಗೆ ಈಗಲೂ ಆಸೆ. ಆದರೆ ಅವತ್ತು ಕಾರ್ಡ್ ಉಜ್ಜಿದ್ದು ಸುಂದರಾಗೆ. ಡಾಂಗಲ್ಲೇ ಅದನ್ನು ನಡೆಸುತ್ತಿದೆ, ವಾಲ್ಯೂಮ್ ಸ್ವಲ್ಪ ಮೇಲೆ ಬೇಕು ಅಷ್ಟೇ. ಒಂದೇ ತಕರಾರು. ಅದರ ಹಿಂಬದಿ ತೆರೆದಿರುತ್ತದೆ, ಸದ್ದೆಲ್ಲ ಹೊರಗೆ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಕೇಳುತ್ತಾ ಕೂತರೆ ನನ್ನಾಕೆ ಪಕ್ಕದ ಕೋಣೆಯಿಂದಲೇ ಕೂಗುತ್ತಾಳೆ: "ಆ ಮೃದಂಗ ಸ್ವಲ್ಪ ಮೆಲ್ಲಗೆ ಮಾಡ್ರೀ!"