ಹಿಮ್ಮಡಿ ಹರಿದರೆ ಹಿಮ್ಮಡಿ ಮಾತ್ರ ಬದಲಿಸಿ: ಕಾಲುಚೀಲ ಹೆಣೆದ ನನ್ನ ಅನುಭವ

ಹೋದ ವಾರ ನನ್ನ ಬೂದು ಕಾಲುಚೀಲಕ್ಕೆ ಮೂರನೇ ಸಲ ಹೊಸ ಹಿಮ್ಮಡಿ ಹಾಕಿದೆ. ಆ ಜೋಡಿಗೆ ಈಗ ಹತ್ತಿರ ಹತ್ತಿರ ಆರು ವರ್ಷ. ನಾನು ಹಾಕೋದು ಕಾಲುಚೀಲವೆಲ್ಲ ಹೆಣೆದ ಮೇಲೆ ಕೊನೆಗೆ ಸೇರಿಸುವ ಹಿಮ್ಮಡಿ. ‘ಇದು ಸೋಮಾರಿಗಳ ಹಿಮ್ಮಡಿ ಕಣೇ, ಕಾಲಿಗೆ ಕೂರೋದೇ ಇಲ್ಲ’ ಅಂತ ನಕ್ಕಿದ್ದ ಗೆಳತಿಯೇ ಮೊನ್ನೆ ಬಂದು, ‘ಎಷ್ಟು ಸ್ಟಿಚ್ ಮೇಲೆ ಹಾಕಿದೆ?’ ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಒಂದೆರಡು ಸಂಗತಿ ಬಿಟ್ಟು.

ನಾನು ಮೊದಲು ಹೆಣೆಯುತ್ತಿದ್ದದ್ದು ಎಲ್ಲರ ಹಾಗೆ ಹೀಲ್ ಫ್ಲ್ಯಾಪ್ ಮತ್ತು ಗಸೆಟ್, ಅಂದರೆ ಹಿಂಬದಿಗೆ ಒಂದು ಪಟ್ಟಿ, ಅದರ ಎರಡೂ ಪಕ್ಕಕ್ಕೆ ತ್ರಿಕೋನ ಹೆಣೆದು ಮಾಡುವ ಹಿಮ್ಮಡಿ. ಚೆನ್ನಾಗಿ ಕೂರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ನಡೆಯುವ ರೀತಿಯೋ ಏನೋ, ಎಂಟು ತಿಂಗಳಿಗೆ ಹಿಮ್ಮಡಿಯ ತಳ ಜಾಲರಿ ಆಗಿಬಿಡುತ್ತಿತ್ತು. ರಫು ಮಾಡಿ ನೋಡಿದೆ. ರಫು ಮಾಡಿದ ಜಾಗ ಶೂ ಒಳಗೆ ಕಲ್ಲು ಸಿಕ್ಕಿದ ಹಾಗೆ ಒತ್ತುತ್ತಿತ್ತು. ಕಾಲುಚೀಲದ ಮುಕ್ಕಾಲು ಭಾಗ ಹೊಸದರಂತೆ ಇರುವಾಗ ಅಂಗೈಯಗಲ ಜಾಗಕ್ಕೋಸ್ಕರ ಇಡೀ ಜೋಡಿ ಎಸೆಯಬೇಕು ಅಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಅದೂ ಒಂದು ಜೋಡಿ ಅಂದರೆ ಸುಮಾರು ಇಪ್ಪತ್ತು ಸಾವಿರ ಸ್ಟಿಚ್, ಅಂದರೆ ಅಷ್ಟು ಕುಣಿಕೆ.

ದುಡ್ಡಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಒಳ್ಳೆ ಸಾಕ್ ನೂಲು, ಅಂದರೆ ಮುಕ್ಕಾಲು ಪಾಲು ಉಣ್ಣೆ ಕಾಲು ಪಾಲು ನೈಲಾನ್ ಇರುವ ನೂರು ಗ್ರಾಂ ಉಂಡೆ, ಅದರ ಬೆಲೆಗೆ ಅಂಗಡಿಯ ಕಾಲುಚೀಲ ಡಜನ್ ಬರುತ್ತದೆ. ಅದು ಎಲ್ಲರಿಗೂ ಗೊತ್ತಿದ್ದೇ. ನಾನು ಅದರ ಮೇಲೆ ಸೂಜಿಗೂ ಸುರಿದೆ. 2.25 ಎಂ.ಎಂ. ಮರದ ಸೂಜಿ ಎರಡು ಸೆಟ್ ಮುರಿದೆ, ಒಂದರ ಮೇಲೆ ನಾನೇ ಕೂತೆ. ಆಮೇಲೆ ಲೋಹದ ಸರ್ಕ್ಯುಲರ್, ಅಂದರೆ ಎರಡು ಸೂಜಿಯ ನಡುವೆ ಕೇಬಲ್ ಇರೋದು, ತಗೊಂಡೆ. ಅದರ ಕೇಬಲ್ ತಂತಿಯಂತೆ ಗಟ್ಟಿ, ಅದನ್ನು ಮಡಿಸಿ ಸಣ್ಣ ಸುತ್ತು ಹೆಣೆಯುವ ಮ್ಯಾಜಿಕ್ ಲೂಪ್‌ಗೆ ಬಗ್ಗಲೇ ಇಲ್ಲ. ಇನ್ನೊಂದು ತಗೊಂಡೆ. ಈ ಹವ್ಯಾಸದಲ್ಲಿ ದುಡ್ಡು ಉಳಿಯುತ್ತದೆ ಅಂತ ಹೇಳುವವರನ್ನು ನಂಬಬೇಡಿ. ನಾನು ಉಳಿಸಿದ್ದು ಹೆಣೆದದ್ದರಲ್ಲಿ ಅಲ್ಲ, ಹೆಣೆದದ್ದನ್ನು ಎಸೆಯದೆ ಇದ್ದದ್ದರಲ್ಲಿ.

ಹಿಮ್ಮಡಿ ವಿಚಾರಕ್ಕೆ ಬರೋಣ. ನಾನು ಹಿಡಿದದ್ದು ಹೆಣಿಗೆ ಪುಸ್ತಕಗಳನ್ನು ಬರೆದ ಎಲಿಜಬೆತ್ ಜಿಮ್ಮರ್‌ಮನ್ ಹೇಳಿಕೊಟ್ಟ ಆಫ್ಟರ್‌ಥಾಟ್ ಹೀಲ್, ಅಂದರೆ ಕೊನೆಗೆ ಹಾಕುವ ಹಿಮ್ಮಡಿ. ಆಕೆ ಇಡೀ ಕೊಳವೆ ಹೆಣೆದು ಆಮೇಲೆ ಒಂದು ಸ್ಟಿಚ್ ಕತ್ತರಿಸಿ ಹಿಮ್ಮಡಿಗೆ ಬಾಯಿ ತೆರೆಯುತ್ತಿದ್ದರು. ನನಗೆ ಅಷ್ಟು ಧೈರ್ಯ ಇರಲಿಲ್ಲ, ಹಿಮ್ಮಡಿ ಬರುವ ಕಡೆ ಬೇರೆ ಬಣ್ಣದ ಗುರುತಿನ ನೂಲನ್ನು ಮೊದಲೇ ಹೆಣೆದಿಟ್ಟುಕೊಂಡೆ. ಆಮೇಲೆ ಅದನ್ನು ತೆಗೆದರೆ ಬಾಯಿ ತೆರೆಯುತ್ತದೆ.

ಮೊದಲ ಜೋಡಿ ಹಾಳಾಯಿತು. ಹಿಮ್ಮಡಿ ಆಮೇಲೆ ಹೊರಗೆ ಬೆಳೆಯುತ್ತದೆ ಅನ್ನೋದನ್ನೇ ಮರೆತು, ಪಾದದ ಪೂರ್ತಿ ಉದ್ದ ಹೆಣೆದ ಮೇಲೆ ಗುರುತಿನ ನೂಲು ಹಾಕಿದ್ದೆ. ಎರಡು ಇಂಚು ಜಾಸ್ತಿ ಉದ್ದ ಬಂತು. ಎರಡನೇ ಜೋಡಿ ಉದ್ದ ಸರಿಯಾಯಿತು, ಆದರೆ ಎಲ್ಲರೂ ಬೈಯುವ ತೊಂದರೆ ಅಲ್ಲೇ ಕಂಡಿತು: ಹಿಮ್ಮಡಿ ಆಳ ಸಾಲದೆ ಪಾದದ ಮೇಲ್ಭಾಗ ಬಿಗಿದು, ನಾಲ್ಕು ಹೆಜ್ಜೆ ನಡೆದರೆ ಹಿಂದಿನಿಂದ ಜಾರಿ ಶೂ ಒಳಗೆ ಮುದ್ದೆ. ಮೂರನೆಯದರಲ್ಲಿ ಎರಡು ಮೂಲೆಯಲ್ಲೂ ಕಿರುಬೆರಳು ತೂರುವಷ್ಟು ತೂತು. ನಾಲ್ಕನೇ ಜೋಡಿ ಹೇಳಲೇ ನಾಚಿಕೆ. ಸುತ್ತು ಎಣಿಸಿ ಬರೆದಿಡದೆ ಹೆಣೆದದ್ದಕ್ಕೆ ಒಂದು ಹಿಮ್ಮಡಿ ಇನ್ನೊಂದಕ್ಕಿಂತ ಆರು ಸುತ್ತು ಮೇಲೆ ಬಂತು. ಅದಾದ ಮೇಲೆ ಎರಡೂ ಕಾಲುಚೀಲವನ್ನು ಒಂದೇ ಉದ್ದ ಸರ್ಕ್ಯುಲರ್ ಮೇಲೆ ಒಟ್ಟಿಗೆ ಹೆಣೆಯುತ್ತೇನೆ. ತಪ್ಪಾದರೂ ಎರಡಕ್ಕೂ ಒಂದೇ ತಪ್ಪು ಆಗುತ್ತದೆ.

ದಾರಿ ಸಿಕ್ಕಿದ್ದು ಐದನೇ ಜೋಡಿಯಲ್ಲಿ. ಸುತ್ತಿನ ಅರ್ಧ ಸ್ಟಿಚ್ ಮೇಲೆ ಹಿಮ್ಮಡಿ ಹಾಕಬೇಕು ಅಂತ ಹೆಚ್ಚಿನ ಪ್ಯಾಟರ್ನ್‌ಗಳು ಹೇಳುತ್ತವೆ. ಯಾಕೆ ಅರ್ಧ? ಕಾಲಿನ ಹಿಂಭಾಗ ಮುಂಭಾಗಕ್ಕಿಂತ ದಪ್ಪ. 64 ಸ್ಟಿಚ್‌ನಲ್ಲಿ 32ರ ಬದಲು 38 ತಗೊಂಡೆ, ಅಂದರೆ ನೂರಕ್ಕೆ ಅರವತ್ತು. ಅಷ್ಟೇ. ಆಳ ತಾನಾಗಿ ಬಂತು. ಗುರುತಿನ ನೂಲು ತೆಗೆದಾಗ ಒಂದು ಕಡೆ 38, ಇನ್ನೊಂದು ಕಡೆ 37 ಕುಣಿಕೆ ಸಿಗುತ್ತವೆ, ಮೂಲೆಗಳಲ್ಲಿ ಎತ್ತಿಕೊಂಡು ಒಟ್ಟು 80 ಮಾಡಿಕೊಳ್ಳುತ್ತೇನೆ. ಮೂರು ಸುತ್ತು ಸಾದಾ. ಆಮೇಲೆ ಸುತ್ತು ಬಿಟ್ಟು ಸುತ್ತು ನಾಲ್ಕು ಕಡಿಮೆ, ಕೊನೆಯ ನಾಲ್ಕು ಸಲ ಮಾತ್ರ ಪ್ರತಿ ಸುತ್ತಲ್ಲೂ. 24 ಉಳಿದಾಗ ಗ್ರಾಫ್ಟ್, ಅಂದರೆ ಎರಡೂ ಬದಿಯ ಕುಣಿಕೆಗಳನ್ನು ದಾರದ ಸೂಜಿಯಲ್ಲಿ ಹೆಣಿಗೆಯಂತೆಯೇ ಜೋಡಿಸೋದು. ನನ್ನ ಕೈಗೆ ಇದು ಹೆಚ್ಚುಕಮ್ಮಿ ಆರು ಸೆಂಟಿಮೀಟರ್ ಬರುತ್ತದೆ. ಹಾಗಾಗಿ 23 ಸೆಂಟಿಮೀಟರ್ ಪಾದ ಬೇಕಿದ್ದರೆ ಬೆರಳ ತುದಿಯಿಂದ 17ಕ್ಕೆ ಗುರುತಿನ ನೂಲು. ನಿಮ್ಮ ಗೇಜ್ ಬೇರೆ ಇದ್ದರೆ ಲೆಕ್ಕ ಬೇರೆ, ಮಾಡಿಕೊಳ್ಳಿ. ನನ್ನದು ಇಂಚಿಗೆ ಎಂಟು ಸ್ಟಿಚ್, ಅದಕ್ಕಿಂತ ಸಡಿಲ ಮಾಡಿದರೆ ನನ್ನ ಹಿಮ್ಮಡಿ ಬಾಳುವುದಿಲ್ಲ.

ಮೂಲೆಯ ತೂತಿಗೆ ಎರಡು-ಮೂರು ಸ್ಟಿಚ್ ಎತ್ತಿ ತಿರುಚಿ ಹೆಣೆಯುವುದು ಹಳೇ ಉಪಾಯ. ನಾನು ಅದರ ಜೊತೆ ಇನ್ನೊಂದು ಮಾಡುತ್ತೇನೆ, ಅದಕ್ಕೇ ನನ್ನ ಮೂಲೆ ಎಳೆದರೂ ಬೆಳಕು ಕಾಣುವುದಿಲ್ಲ. ಅದನ್ನು ಹೇಳೋದಿಲ್ಲ. ಕಂಡುಹಿಡಿಯೋಕೆ ನನಗೆ ಒಂದೂವರೆ ವರ್ಷ ಹಿಡಿದಿದೆ.

ಆ ಮೂರು ಸಾದಾ ಸುತ್ತು ಸುಮ್ನೆ ಅಲ್ಲ. ಹಿಮ್ಮಡಿ ಹರಿದಾಗ ವಾಪಸ್ ಬಂದು ನಿಲ್ಲಬೇಕಾದ ಜಾಗ ಅದು. ತುದಿಯಿಂದ ಬಿಚ್ಚಿಕೊಂಡು ಬರೋಣ ಅಂದರೆ ಸವೆದ ಕಡೆಯೆಲ್ಲಾ ನೂಲು ತುಂಡಾಗಿ ಕೈಗೆ ಬರುತ್ತದೆ. ಅದರ ಬದಲು ಮೊದಲ ಸಾದಾ ಸುತ್ತಿನ ಕುಣಿಕೆಗಳನ್ನು ಸಣ್ಣ ಸೂಜಿಗೆ ಏರಿಸಿಕೊಂಡು, ಅದರ ಮೇಲಿನ ಸುತ್ತಲ್ಲಿ ಕತ್ತರಿಸಿ. ಮೊದಲು ಸೂಜಿ, ಆಮೇಲೆ ಕತ್ತರಿ. ನಾನು ಒಂದು ಸಲ ಉಲ್ಟಾ ಮಾಡಿ, ರಾತ್ರಿ ಹನ್ನೊಂದರ ತನಕ ಕ್ರೋಶೆ ಕಡ್ಡಿ ಹಿಡಿದು ಓಡಿಹೋದ ಕುಣಿಕೆ ಹುಡುಕುತ್ತಾ ಕೂತಿದ್ದೆ. ಒಂದು ಹಿಮ್ಮಡಿಗೆ ಐದು ಗ್ರಾಂ ನೂಲು, ಒಂದು ಸಂಜೆ. ನೂರು ಗ್ರಾಂ ಉಂಡೆಯಲ್ಲಿ ನನ್ನ ಅಳತೆಯ ಜೋಡಿಗೆ ಎಪ್ಪತ್ತು ಸಾಕು. ಉಳಿದ ಮೂವತ್ತನ್ನು ಲೇಬಲ್ ಸಮೇತ ತೆಗೆದಿಡಿ.

ಹಿಮ್ಮಡಿ ಗಟ್ಟಿ ಮಾಡೋಕೆ ಬೇರೆ ಪ್ರಯೋಗವೂ ಮಾಡಿದೆ. ಹೊಲಿಗೆ ಯಂತ್ರದ ಪಾಲಿಯೆಸ್ಟರ್ ದಾರ ಸೇರಿಸಿ ಹೆಣೆದೆ, ಆ ದಾರ ಉಣ್ಣೆಯನ್ನೇ ಕೊಯ್ದು ತಾನು ಮಾತ್ರ ಉಳಿಯಿತು. ಬಿದಿರು ನೂಲಿನ ಕಾಲುಚೀಲ ರೇಷ್ಮೆಯಂತೆ ಇತ್ತು, ಮಧ್ಯಾಹ್ನದೊಳಗೆ ಜೋಲು ಬಿತ್ತು. ಉಣ್ಣೆಗೆ ಇರುವ ಸ್ಪ್ರಿಂಗ್ ಅದಕ್ಕಿಲ್ಲ. ಸೂಪರ್‌ವಾಶ್ ಅಲ್ಲದ, ಅಂದರೆ ಮಷೀನಿಗೆ ಹಾಕಬಾರದ ಉಣ್ಣೆಯ, ಒಂದು ಜೋಡಿಯನ್ನು ಮನೆಯವರು ಬಿಸಿನೀರಲ್ಲಿ ಮಷೀನಿಗೆ ಹಾಕಿದರು. ಅದೀಗ ಮಗುವಿನ ಅಳತೆಗೆ ಕುಗ್ಗಿ, ಗಟ್ಟಿ ಕಂಬಳಿ ಆಗಿದೆ. ಕನ್ನಡಕದ ಚೀಲ ಮಾಡಿಕೊಂಡೆ.

ಈ ಮೂವತ್ತು ಗ್ರಾಂ ಉಳಿಕೆ ಒಂದು ಕಾಲಕ್ಕೆ ಡಬ್ಬಿ ತುಂಬಿ ಚೆಲ್ಲುವಷ್ಟು ಆಯಿತು. ಪೂರ್ತಿ ಹಾಳಾಗಿ ಎಸೆದ ಜೋಡಿಗಳದ್ದೆಲ್ಲ ಸೇರಿಸಿ ಒಂದು ತ್ರಿಕೋನ ಶಾಲು ಶುರು ಮಾಡಿದೆ, ಕತ್ತಿನ ಮಧ್ಯದಿಂದ ಕೆಳಗೆ. ಇಲ್ಲಿ ಎಲ್ಲರೂ ಎಡವುವ ಕಡೆ ನಾನೂ ಎಡವಿದೆ. ಒಟ್ಟು ಸಾಲುಗಳಲ್ಲಿ ಅರ್ಧ ಮುಗಿದರೆ ಅರ್ಧ ನೂಲು ಮುಗಿದಿರುತ್ತದೆ ಅಂದುಕೊಂಡೆ. ಇಲ್ಲ! ಸಾಲು ಅಗಲವಾಗುತ್ತಾ ಹೋಗುತ್ತದಲ್ಲ, ಅರ್ಧ ನೂಲು ಖಾಲಿಯಾದಾಗ ನೂರಕ್ಕೆ ಎಪ್ಪತ್ತು ಸಾಲು ಆಗಿರುತ್ತದೆ. ಉಳಿದ ಅರ್ಧ ನೂಲನ್ನು ಕೊನೆಯ ಮೂವತ್ತು ಸಾಲೇ ತಿನ್ನುತ್ತದೆ. ಬೈಂಡ್ ಆಫ್ ಮಾಡುವಾಗ, ಅಂದರೆ ಕೊನೆಯ ಅಂಚು ಮುಚ್ಚುವಾಗ, ಒಂದು ಗೇಣು ಉಳಿದಿರುವಾಗ ನೂಲು ಮುಗಿಯಿತು. ಬಿಚ್ಚಿ, ಎರಡು ಸಾಲು ಹಿಂದೆ ಹೋಗಿ ಮುಗಿಸಿದೆ. ಈಗ ಚಿಕ್ಕ ತಕ್ಕಡಿ ಇಟ್ಟುಕೊಂಡಿದ್ದೇನೆ, ಕೊನೆಕೊನೆಗೆ ಒಂದು ಸಾಲಿಗೆ ಎಷ್ಟು ಗ್ರಾಂ ಅಂತ ತೂಗಿ ನೋಡಿ, ನಾಲ್ಕು ಸಾಲಿನಷ್ಟು ಉಳಿದಾಗಲೇ ಅಂಚಿಗೆ ಬರುತ್ತೇನೆ. ಶಾಲು ನೆನೆಸಿ ಪಿನ್ ಹಾಕಿ ಹರಡಿದ ಮೇಲೆ ಅದರ ಅಂದವೇ ಬೇರೆ. ಎಳೆಯುವ ಮುಂಚೆ ಹಳೇ ಒರೆಸುವ ಬಟ್ಟೆ ಥರ ಕಾಣುತ್ತಿತ್ತು.

ಅದರಿಂದ ಒಂದು ನಷ್ಟವೂ ಆಯಿತು. ಉತ್ಸಾಹದಲ್ಲಿ ಈಗಲೂ ತೊಡುವ ಎರಡು ಜೋಡಿಯ ಉಳಿಕೆ ನೂಲನ್ನೂ ಶಾಲಿಗೆ ಸುರಿದುಬಿಟ್ಟಿದ್ದೇನೆ. ಬೂದು ಜೋಡಿಯದು ಮಾತ್ರ ಬಚಾವಾಗಿತ್ತು, ಅದೂ ಹೋದ ವಾರದ ಹಿಮ್ಮಡಿಯೊಂದಿಗೆ ಮುಗಿಯಿತು. ಕೊನೆಗೆ ಉಳಿದದ್ದು ಗ್ರಾಫ್ಟ್ ಮುಗಿಸಿ ಕತ್ತರಿಸಿದ ಬೆರಳುದ್ದ ತುಂಡು. ನಾಲ್ಕನೇ ಸಲಕ್ಕೆ ಕೆಂಪು ತೆಗೆದಿಟ್ಟಿದ್ದೇನೆ.